ಗಾಳಿ ಅಳೆಯುವ ಡಬ್ಬಿ ಮತ್ತು ಕಮಲಕ್ಕ

ಕಮಲಕ್ಕ ಮಾತಾಡುತ್ತಿದ್ದುದು ಬಾಯಿಯ ಎಡಗಡೆಯಿಂದ ಮಾತ್ರ. ಬಲಗಡೆ ಸ್ಕ್ರೂಗಳಿಗೆ ಮೀಸಲು. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತು ವರ್ಷ ಏಣಿ ಹತ್ತಿ ಕೆಲಸ ಮಾಡುವಾಗ ಸ್ಕ್ರೂಗಳನ್ನು ಬಲಗೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದರಂತೆ. ನಿವೃತ್ತಿಯಾದ ಮೇಲೂ ಆ ಕೆನ್ನೆಗೆ ಬಿಡುವು ಸಿಗಲಿಲ್ಲ. "ಚಾ ಕುಡೀತಿಯೇನ್ ತಂಗಿ?" ಎಂದು ಕೇಳುವಾಗಲೂ ಬಲತುಟಿ ಬಿಗಿದೇ ಇರುತ್ತಿತ್ತು.

ಅವರು ಧಾರವಾಡದ ಕಡೆಯವರು. ಅಹಮದಾಬಾದಿನ ರೈಲ್ವೆಯಲ್ಲಿದ್ದ ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ ಅನುಕಂಪದ ಮೇಲೆ ಸಿಕ್ಕಿದ ಕೆಲಸವದು. ಕಚೇರಿಯಲ್ಲಿ ಕೂರಿಸಲು ಹೊರಟ ಸಾಹೇಬರಿಗೆ, "ಕಾಗದ ನನಗ ತಿಳಿಯೂದಿಲ್ಲ ಸಾಹೇಬ್ರ, ಕಬ್ಬಿಣ ತಿಳೀತದ" ಎಂದು ಹೇಳಿ ಫಿಟ್ಟರ್ ಆದವರು. ವಿಮಾ ಕಚೇರಿಯ ವರ್ಗಾವಣೆಯಲ್ಲಿ ಮೈಸೂರಿನಿಂದ ಅಹಮದಾಬಾದಿನ ಮಣಿನಗರಕ್ಕೆ ಬಂದ ನನಗೆ, ಮೇಲಿನ ಮನೆಯಲ್ಲೇ ಕನ್ನಡ ಸಿಕ್ಕಿದ್ದು ಪುಣ್ಯ. ಇಲ್ಲೇ ಬೆಳೆದು ಕನ್ನಡವನ್ನು ಹಿಂದಿಯಲ್ಲಿ ಅದ್ದಿ ಮಾತಾಡುವ ನನ್ನ ಮಗಳು ತನ್ವಿಗೆ ಅವರು 'ಆಯಿ'. ತಮ್ಮ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತಾರೆಂದು ಅವರೇ ಕಲಿಸಿದ್ದು.

ತನ್ವಿಗೆ ಉಬ್ಬಸ. ಹೊರಗಿನ ಗಾಳಿ ಕೆಟ್ಟಿದ್ದ ದಿನ ಓಟ ಕುಣಿತ ಬೇಡವೆಂದರು ಡಾಕ್ಟರು. ಗಾಳಿ ಅಳೆಯುವ ಸೆನ್ಸರೊಂದನ್ನು ತರಿಸಿ, ಪ್ಲಗ್ಗು ಹತ್ತಿರವಿದೆಯೆಂದು ಅಡುಗೆಮನೆ ಕಿಟಕಿಯ ಹೊರಗೋಡೆಗೆ ಅದರ ಪ್ಲಾಸ್ಟಿಕ್ ಕ್ಲಿಪ್ಪಿನಲ್ಲೇ ಸಿಕ್ಕಿಸಿದೆವು. ಹಸಿರು ದೀಪ ಹತ್ತಿದರೆ ಹೊರಗೆ ಹೋಗಬಹುದು, ಕೆಂಪು ಹತ್ತಿದರೆ ಇಲ್ಲ. ನೋಡಿದರೆ ಪ್ರತಿ ಸಂಜೆಯೂ ಕೆಂಪು! ನವರಾತ್ರಿ ಹತ್ತಿರ ಬಂದಿತ್ತು. ಕೆಳಗೆ ಅಂಗಳದಲ್ಲಿ ಮಕ್ಕಳೆಲ್ಲ ಗರ್ಬಾ ಅಭ್ಯಾಸ ಮಾಡುತ್ತಿದ್ದರೆ, ಇವಳು ಬಾಲ್ಕನಿಯ ಗಾಜಿನ ಬಾಗಿಲ ಹಿಂದೆ ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದಳು.

ಒಂದು ಸಂಜೆ ಕಮಲಕ್ಕ ಬಂದವರೇ ಕಿಟಕಿಯಿಂದ ಕತ್ತು ಹಾಕಿ ನೋಡಿದರು. "ಈ ಕಂಪನಿಯವ್ರು ನಿನ್ನ ಗ್ವಾಡಿ ನೋಡ್ಯಾರೇನು? ತಮಗ ತಿಳಿದಂಗ ಒಂದ್ ಕ್ಲಿಪ್ ಕಳಿಸ್ಯಾರ. ಈಗ ಒಗ್ಗರಣಿ ಹಾಕು."

"ಈಗಲಾ? ಸಾರು ಇನ್ನೂ ಕುದಿಯೋಕೇ ಶುರುವಾಗಿಲ್ಲ ಕಮಲಕ್ಕ."

"ಹಾಕವಾ, ಹೇಳ್ತೀನಿ."

ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಬಿತ್ತು, ಎಗ್ಸಾಸ್ಟ್ ಫ್ಯಾನು ಘಾಟನ್ನೆಲ್ಲ ಹೊರಗೆ ದಬ್ಬಿತು. ಫ್ಯಾನಿನ ಬಾಯಿಗೇ ಅಂಟಿಕೊಂಡಿದ್ದ ಸೆನ್ಸರಿನ ಹಸಿರು ದೀಪ ಎರಡೇ ನಿಮಿಷದಲ್ಲಿ ಕೆಂಪಾಯಿತು. ಮೂರು ವಾರ ನನ್ನ ಮಗಳನ್ನು ಒಳಗೆ ಕೂಡಿಹಾಕಿದ್ದು ಊರಿನ ಗಾಳಿಯಲ್ಲ, ನನ್ನ ಒಗ್ಗರಣೆ. ಅಳುವೇ ಬಂತು. ಕಮಲಕ್ಕ ಎಡಗಡೆಯಿಂದ ನಕ್ಕರು. "ಅದಕ್ಯಾಕ ಅಳ್ತಿ? ಸಾರಿನ ವಾಸನಿ ಛಲೋ ಬಂದದ."

ಮರುದಿನ ಹಳೆಯ ಪರದೆಯ ಅಲ್ಯೂಮಿನಿಯಂ ಕೊಳವೆಯನ್ನು ತೋಳುದ್ದ ಕತ್ತರಿಸಿ ತಂದರು. ಅಡುಗೆಮನೆಗೆ ದೂರದ ಬಾಲ್ಕನಿ ಮೂಲೆಯಲ್ಲಿ, ಗ್ರಿಲ್ಲಿಗೆ ಬಾಗಿಲ ತಿರುಗಣಿಯೊಂದನ್ನು ಕೂರಿಸಿ ಅದಕ್ಕೆ ಕೊಳವೆ ಜೋಡಿಸಿದರು. ಅಲ್ಲಾಡದಂತೆ ಹವಾಯಿ ಚಪ್ಪಲಿಯ ರಬ್ಬರ್ ಕತ್ತರಿಸಿ ವಾಷರ್ ಮಾಡಿದರು. ತುದಿಯಲ್ಲಿ ಸೆನ್ಸರು, ಅದಕ್ಕೆ ಒಳಗಿನ ಪ್ಲಗ್ಗಿನಿಂದ ಉದ್ದ ವೈರು. ಧೂಳು ಒರೆಸಬೇಕಾದಾಗ ಕೊಳವೆಯನ್ನು ಒಳಕ್ಕೆ ತಿರುಗಿಸಿಕೊಂಡರಾಯಿತು. "ಹೊರಗ ಬಗ್ಗಿ ಜೋತಾಡೂದು ಗಂಡಸರ ಚಟ. ಕೆಲಸಾನ ಒಳಗ ಕರೀಬೇಕು" ಎಂದರು. ಅಂದಿನ ಸಂಜೆ ದೀಪ ಹಸಿರಾಗಿಯೇ ಇತ್ತು. ತನ್ವಿ ಚಪ್ಪಲಿಯನ್ನೂ ಹಾಕದೆ ಕೆಳಗೆ ಓಡಿದಳು.

ಆದರೆ ನವರಾತ್ರಿಯ ಮೊದಲ ದಿನವೇ ಕೆಂಪು. ಒಲೆ ಹಚ್ಚಿರಲಿಲ್ಲ; ಈ ಸಲ ಗಾಳಿಯೇ ಕೆಟ್ಟಿತ್ತು. ಗರ್ಬಾಕ್ಕೆಂದು ಚಣಿಯಾ ಚೋಲಿ ತೊಟ್ಟು ಕೂತಿದ್ದ ತನ್ವಿ ಕಮಲಕ್ಕನ ಸೆರಗು ಹಿಡಿದಳು. "ಆಯಿ, ಇದನ್ನ ಅಂದರ್ ಘುಮಾ ದೋ ನಾ. ಗ್ರೀನ್ ಆಗುತ್ತೆ."

ನನ್ನ ಮನಸ್ಸೂ ಕರಗಿತು. "ಒಂದಿನ ತಾನೇ, ಒಳಕ್ಕೆ ತಿರುಗಿಸಿಬಿಡಿ ಕಮಲಕ್ಕ" ಎಂದೆ.

ಅವರು ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. "ಕೊಳವಿ ನನ್ನ ಮಾತ ಕೇಳ್ತದ, ಗಾಳಿ ಕೇಳೂದಿಲ್ಲ. ಕೆಂಪು ಬಿತ್ತಂದ್ರ ಗಾಡಿ ನಿಂದ್ರಬೇಕು. ಕೆಂಪಿಗೆ ಹಸಿರು ಬಣ್ಣಾ ಬಳಿಯಾಕಿ ನಾ ಅಲ್ಲ."

ಅಷ್ಟು ಹೇಳಿ ಮೇಲೆ ಹೋಗಿಬಿಡಲಿಲ್ಲ. ಬಾಗಿಲು ಮುಚ್ಚಿ, ಮೊಣಕಾಲು ನೋವಿದ್ದರೂ ನೆಲದ ಮೇಲೆ ಕೂತು, ಕೆಳಗೆ ಹಾಡು ಮುಗಿಯುವವರೆಗೂ ತನ್ವಿಯ ಜೊತೆ ತಾಳ ಹಾಕಿದರು. ಅವರ ತಾಳ ಒಂದೂ ಸರಿಯಿರಲಿಲ್ಲ. ಮುನಿಸಿಕೊಂಡಿದ್ದವಳು ಕೊನೆಗೆ ತಾನೇ ತಿದ್ದಿಕೊಟ್ಟಳು. ಮೂರನೆಯ ದಿನ ಹಸಿರು ಬಂತು, ಹುಡುಗಿ ಮನಸ್ಸು ತಣಿಯುವಷ್ಟು ಕುಣಿದಳು.

ಹೋದ ಬೇಸಿಗೆಯಲ್ಲಿ ನಾಲ್ಕು ದಿನದ ಜ್ವರಕ್ಕೆ ಕಮಲಕ್ಕ ಹೋಗಿಬಿಟ್ಟರು. ನಾವು ರಜೆಗೆ ಮೈಸೂರಿಗೆ ಹೋಗಿದ್ದೆವು. ಕೊನೆಗೊಮ್ಮೆ ಮುಖ ನೋಡಲೂ ಆಗಲಿಲ್ಲ. ಆ ಕೊರಗು ನನಗೆ ಈಗಲೂ ಇದೆ.

ಈ ವರ್ಷದ ನವರಾತ್ರಿಯಲ್ಲೂ ಒಂದು ಸಂಜೆ ಕೆಂಪು ಹತ್ತಿತು. ತನ್ವಿ ಬಳೆ ತೊಟ್ಟು ತಯಾರಾಗಿದ್ದಳು. ಅವಳ ಮುಖ ನೋಡಲಾರದೆ, "ಹತ್ತೇ ನಿಮಿಷ ಹೋಗಿ ಬಾರೇ, ಏನಾಗಲ್ಲ" ಎಂದುಬಿಟ್ಟೆ.

ಅವಳು ಬಳೆಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟಳು.

"ಬ್ಯಾಡಮ್ಮಾ," ಎಂದಳು, "ಆಯಿ ಬೈತಾಳ."