ನವಣೆ ಬಿಸ್ಕತ್ತಿನಲ್ಲಿ ಗೋಧಿ

ನನ್ನ ಕೆಲಸ ಪತ್ರಿಕೆಯ ಡೆಸ್ಕಿನಲ್ಲಿ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಹೆಸರು ಸರಿಯೇ, ಊರು ಸರಿಯೇ, ಈ ಮಾತನ್ನು ಯಾರು ಹೇಳಿದರು, ಆರೋಪ ಹೊತ್ತವರನ್ನು ಕೇಳಿದ್ದೀರಾ. ಇಪ್ಪತ್ತು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಹಾಗಾಗಿ ಮಗಳಿಗೆ ಗೋಧಿ ಆಗುವುದಿಲ್ಲ ಎಂದು ವೈದ್ಯರು ಹೇಳಿದ ದಿನ ನಾನು ಅಷ್ಟೇನೂ ಹೆದರಲಿಲ್ಲ. ನಿಗಾ ಇಡುವುದು ನನಗೆ ಬರುವ ಕೆಲಸ ಎಂದುಕೊಂಡೆ.

ಅವಳು ಆಗ ಆರನೇ ತರಗತಿ. ಎರಡು ವರ್ಷದಿಂದ ತೂಕ ಏರಿರಲಿಲ್ಲ. ಊಟವಾದ ಮೇಲೆ ಹೊಟ್ಟೆ ಉಬ್ಬಿ, ಮೊಣಕಾಲು ಮಡಚಿ ಮಲಗುತ್ತಿದ್ದಳು. ಗೋಧಿಯಲ್ಲಿರುವ ಗ್ಲುಟೆನ್ ಅವಳ ಕರುಳಿನ ಒಳಪದರವನ್ನು ಸವೆಸುತ್ತಿದೆ, ಚಿಟಿಕೆಯಷ್ಟು ಹೋದರೂ ಸಾಕು ಎಂದರು ವೈದ್ಯರು. ಕರುಳು ಮಾಯುವವರೆಗೆ ಹಾಲು, ಬೆಣ್ಣೆಯೂ ಬೇಡವೆಂದರು. ಮೊಟ್ಟೆ ನಮ್ಮ ಮನೆಯಲ್ಲಿ ಮೊದಲೇ ಇಲ್ಲ.

ಆಸ್ಪತ್ರೆಯಿಂದ ಎಸ್.ಎಸ್. ಬಡಾವಣೆಗೆ ಬರುವ ದಾರಿಯಲ್ಲಿ ಬೆಣ್ಣೆದೋಸೆಯ ವಾಸನೆ ಹೊಡೆಯಿತು. ಬೈಕಿನ ಹಿಂದೆ ಕೂತಿದ್ದ ಮಗಳು, "ಹಂಗಾರೆ ನಾನು ಬರೇ ಮಂಡಕ್ಕಿ ತಿಂದ್ಕಂಡು ಇರ್ಬೇಕೇನಪ್ಪ?" ಎಂದಳು.

ಅವಳಿಗೆ ಬೇಕಾಗಿದ್ದದ್ದು ಖಾರಾ ಬಿಸ್ಕತ್ತು. ಶಾಲೆಯಿಂದ ಬಂದ ಕೂಡಲೇ ಎರಡು ತಿನ್ನುವುದು ರೂಢಿ. ಹೆಂಡತಿ ಅದನ್ನು ಸಿರಿಧಾನ್ಯದಲ್ಲಿ ಮಾಡಲು ಹೊರಟಳು. ಗಿರಣಿಗೆ ಹಾಕಿಸಿದರೆ ಹಿಂದಿನವರ ಗೋಧಿ ಕಲ್ಲಿನಲ್ಲಿ ಉಳಿದಿರುತ್ತದೆಂದು ಮನೆಗೇ ಚಿಕ್ಕ ಗಿರಣಿ ತಂದೆವು. ಮೂರು ಪಾಲು ನವಣೆ ಹಿಟ್ಟು, ಒಂದು ಪಾಲು ಸಜ್ಜೆ. ಹಿಟ್ಟಿಗೆ ಅಂಟು ಸಾಲದೆ ಬಿಸ್ಕತ್ತು ಕೈಯಲ್ಲೇ ಒಡೆಯುತ್ತಿತ್ತು. ಅಗಸೆಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಲೋಳೆಯಾದ ಮೇಲೆ ಕಲಸಿದರೆ ನಿಲ್ಲುತ್ತದೆಂದು ಐದಾರು ಸಲ ಕೆಡಿಸಿದ ನಂತರ ತಿಳಿಯಿತು. ಬೆಣ್ಣೆಯ ಬದಲು ಶೇಂಗಾ ಎಣ್ಣೆ. ಆಮೇಲೆ ಹಸಿಮೆಣಸಿನಕಾಯಿ, ಜೀರಿಗೆ, ಕರಿಬೇವು, ಉಪ್ಪು, ಒಳ್ಳೆಯ ಘಮಕ್ಕೆ ಒಂದು ಚಮಚ ಇಂಗು.

ನಮ್ಮ ಮನೆಯ ಓವನ್ನಿನಲ್ಲಿ ಅಂಚು ಕಪ್ಪಾದರೂ ನಡು ಹಸಿಯಾಗಿಯೇ ಉಳಿಯುತ್ತಿತ್ತು. ಹರಿಹರದಲ್ಲಿ ಹೆಂಡತಿಯ ತವರಿನ ಪಕ್ಕದ ಓಣಿಯಲ್ಲಿ ಸೌದೆ ಭಟ್ಟಿಯ ಬೇಕರಿಯೊಂದಿದೆ. ಹಬ್ಬದ ಮುಂಚೆ ಓಣಿಯವರು ಮನೆಯಲ್ಲೇ ಹಿಟ್ಟು ಕಲಸಿ ತಂದು ಅಲ್ಲಿ ಬೇಯಿಸಿಕೊಂಡು ಹೋಗುವುದು ಹಳೆಯ ವಾಡಿಕೆ. ಬೇಕರಿಯ ಸಾಹೇಬರು ನಮ್ಮ ಕಥೆ ಕೇಳಿ, "ಶುಕ್ರವಾರ ಬರ್ರಿ. ಅವತ್ತು ನಾನು ಮೈದಾ ಮುಟ್ಟಂಗಿಲ್ಲ. ಭಟ್ಟಿ ಮಾತ್ರ ಗುರುವಾರದ್ದೇ ಕಾವು ಹಿಡ್ಕಂಡಿರ್ತೈತೆ," ಎಂದರು. ನಮ್ಮದೇ ತಟ್ಟೆ, ನಮ್ಮದೇ ಬಟ್ಟೆ. ಅವರು ಭಟ್ಟಿಯೊಳಗಿನ ಕಲ್ಲನ್ನು ಒದ್ದೆ ಗೋಣಿಯಿಂದ ಎರಡು ಸಲ ಒರೆಸುತ್ತಿದ್ದರು. ಬಿಸ್ಕತ್ತು ಹದವಾಗಿ ಬರುತ್ತಿತ್ತು.

ಆರು ತಿಂಗಳು ಹೀಗೆ ನಡೆಯಿತು. ಮಗಳ ಹೊಟ್ಟೆನೋವು ಮಾತ್ರ ಪೂರ್ತಿ ಹೋಗಲಿಲ್ಲ. ನೋವು ಬಂದಾಗ ಹೆಂಡತಿ ಬಿಸಿನೀರಿಗೆ ಇಂಗು ಕದಡಿ ಕುಡಿಸುತ್ತಿದ್ದಳು, ಹೊಕ್ಕುಳಿನ ಸುತ್ತ ಹಚ್ಚುತ್ತಿದ್ದಳು. ಹೆಂಡತಿ ಚಿಕ್ಕವಳಿದ್ದಾಗ ಅವಳ ತಾಯಿ ಮಾಡುತ್ತಿದ್ದದ್ದೂ ಅದನ್ನೇ. ಮತ್ತೆ ರಕ್ತ ಪರೀಕ್ಷೆ ಮಾಡಿಸಿದಾಗ, ಇಳಿಯಬೇಕಿದ್ದ ಅಂಕಿ ಇಳಿದಿರಲಿಲ್ಲ.

"ಎಲ್ಲೋ ಗೋಧಿ ಹೋಗ್ತಾ ಇದೆ. ಹುಡುಕ್ರಿ," ಎಂದರು ವೈದ್ಯರು. "ಹಿಂಗೇ ಆದ್ರೆ ಬೆಳವಣಿಗೆ ನಿಂತುಬಿಡುತ್ತೆ."

ನಾನು ಹುಡುಕಲಿಲ್ಲ. ಮನೆಯಲ್ಲಿ ಎಲ್ಲವೂ ನನ್ನ ಕಣ್ಣೆದುರೇ ಇತ್ತು, ಹೊರಗಿನದೆಂದರೆ ಬೇಕರಿ ಒಂದೇ. ಆ ಶುಕ್ರವಾರ ಹರಿಹರಕ್ಕೆ ಹೋದವನು ಬಾಗಿಲಲ್ಲೇ ನಿಂತು ಕೇಳಿದೆ. ತಟ್ಟೆಗೆ ಹಿಟ್ಟು ಉದುರಿಸುತ್ತೀರಾ? ತಟ್ಟೆಯನ್ನು ಭಟ್ಟಿಗೆ ತಳ್ಳುವ ಹಲಗೆ ಯಾವುದು? ಗುರುವಾರದ ಮೈದಾ ಗಾಳಿಯಲ್ಲಿ ಇರುವುದಿಲ್ಲವೇ? ದನಿ ಏರಿಸಲಿಲ್ಲ. ಆದರೆ ಅವು ಪ್ರಶ್ನೆಗಳಾಗಿರಲಿಲ್ಲ. ಕೊನೆಗೆ, ನಿಮ್ಮ ಅಜಾಗರೂಕತೆಯಿಂದ ನನ್ನ ಮಗಳು ನರಳುತ್ತಿದ್ದಾಳೆ ಎಂದೇ ಹೇಳಿದೆ.

ಅವರು ಗೋಣಿಯನ್ನು ಬಕೆಟ್ಟಿನ ಅಂಚಿಗೆ ಹಾಕಿದರು. "ನನ್ನ ಅಂಗಡ್ಯಾಗ ಏನೇನೈತೆ ಅಂತ ಎಲ್ಲಾ ನೋಡಿದ್ರಿ. ನೀವು ಮನೆಯಿಂದ ತಂದಿದ್ದನ್ನ ನೋಡಿದ್ರೇನ್ರಿ?"

"ನೋಡದೆ ತರ್ತೀನೇನು?"

"ಆತು ಬಿಡ್ರಿ. ಪೇಪರ್‌ನೋರು ನೀವು. ನನಗ ಓದಾಕ ಬರೋದಿಲ್ಲ, ನಿಮಗ ಬರ್ತೈತಲ್ಲ."

ಅಂದು ಹಿಟ್ಟನ್ನು ಹಾಗೇ ವಾಪಸ್ ತಂದೆ. ಕೋಪವಿನ್ನೂ ಇತ್ತು. ಅವರ ಮಾತು ಸುಳ್ಳೆಂದು ತೋರಿಸಲೆಂದೇ ಅಡುಗೆಮನೆಯ ಪ್ರತಿ ಪೊಟ್ಟಣವನ್ನೂ ಮೇಜಿನ ಮೇಲೆ ಇಟ್ಟು, ಹಿಂಬದಿಯ ಅಕ್ಷರ ಓದುತ್ತ ಹೋದೆ. ಎಣ್ಣೆ, ಸೋಡಾ, ಉಪ್ಪು. ಇಂಗಿನ ಡಬ್ಬಿಯದು ಸಾಸಿವೆಗಿಂತ ಸಣ್ಣ ಅಕ್ಷರ. ಕನ್ನಡಕ ತೆಗೆದು ಕಣ್ಣಿನ ಹತ್ತಿರ ಹಿಡಿದೆ. ಗೋಂದು, ಗೋಧಿ ಹಿಟ್ಟು, ಇಂಗು. ಇಂಗು ಕೊನೆಯಲ್ಲಿತ್ತು.

ನಮ್ಮ ಕಡೆ ಇಂಗು ಎಂದರೆ ಗಿಡದ ಹಾಲು, ಔಷಧಿ. ಅದರಲ್ಲಿ ಹಿಟ್ಟಿರಬಹುದೆಂದು ಯಾರೂ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಇದು ಕಾರಣ, ಸಮರ್ಥನೆಯಲ್ಲ. ಹಿಟ್ಟಿನ ಹೆಸರಿದ್ದದ್ದನ್ನೆಲ್ಲ ಓದಿದ್ದೆ, ಇದನ್ನು ಓದಿರಲಿಲ್ಲ.

ಹೆಂಡತಿಗೆ ಡಬ್ಬಿ ತೋರಿಸಿದೆ. ಅವಳು ಬಿಸ್ಕತ್ತಿನ ಮಾತೇ ಎತ್ತಲಿಲ್ಲ. "ನೋವು ಅಂದಾಗೆಲ್ಲ ನಾನೇ ಕುಡಿಸೀನಲ್ಲ," ಎಂದಳು. "ಬ್ಯಾಡ ಅಂತ ಮುಖ ತಿರುವ್ತಿದ್ಲು. ಮೂಗು ಹಿಡಿದು ಕುಡಿಸೀನಿ."

ಮಗಳಿಗೆ ಹೇಳಬೇಕೇ ಬೇಡವೇ ಎಂದು ನಮ್ಮಿಬ್ಬರ ನಡುವೆ ವಾದವಾಯಿತು. ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ತಪ್ಪು ಸುದ್ದಿ ಬಂದ್ರೆ ಪೇಪರ್‌ನಾಗ ತಿದ್ದುಪಡಿ ಅಂತ ಸಣ್ಣದಾಗಿ ಹಾಕ್ತೀರಲ್ಲ, ನಂದೂ ಒಂದು ಹಾಕಪ್ಪ," ಎಂದಳು. ನಗುತ್ತಿದ್ದಳೋ ಇಲ್ಲವೋ ತಿಳಿಯಲಿಲ್ಲ.

ಮುಂದಿನ ಶುಕ್ರವಾರ ಇಂಗಿಲ್ಲದ ಹಿಟ್ಟು ಹಿಡಿದು ಹರಿಹರಕ್ಕೆ ಹೋದೆ. ನಡೆದದ್ದನ್ನು ಸಾಹೇಬರಿಗೆ ಹೇಳಿ, ತಪ್ಪು ನನ್ನದು ಎಂದೆ. "ಕೂಡ್ರಿ," ಎಂದು ಚಹಾ ತರಿಸಿದರು. ಭಟ್ಟಿಯ ಬಾಗಿಲನ್ನೂ ತೆರೆದರು. ಆದರೆ ಉದ್ದನೆಯ ಹಲಗೆಯನ್ನು ನನ್ನ ಕೈಗೆ ಕೊಟ್ಟರು.

"ನೀವೇ ಇಡ್ರಿ, ನೀವೇ ತೆಗೀರಿ. ನಾಳೆ ಏನಾರ ಆದ್ರೆ ನನ್ನ ಕೈ ಅದ್ರಾಗ ಇರಬಾರ್ದು."

ಸಿಟ್ಟಿನ ಮಾತಲ್ಲ ಅದು. ಸಿಟ್ಟಾಗಿದ್ದರೆ ಸಮಾಧಾನ ಮಾಡಬಹುದಿತ್ತು. ಕಾವಿನ ಅಂದಾಜಿಲ್ಲದೆ ಎರಡನೆಯ ತಟ್ಟೆಯನ್ನು ಅರ್ಧ ಸುಟ್ಟೆ. ಅವರು ನೋಡುತ್ತ ಕೂತಿದ್ದರು.

ಸಂಜೆ ಮನೆಯಲ್ಲಿ ಮಗಳು ಒಂದು ಬಿಸ್ಕತ್ತು ಕೈಗೆ ತೆಗೆದುಕೊಂಡು, ಅದರಲ್ಲಿ ಏನೇನಿದೆ ಎಂದು ಕೇಳಿದಳು. ಹೇಳಿದೆ.

"ಮತ್ತೆ?"

"ಉಪ್ಪು."

"ಮತ್ತೆ?"

"ಅಷ್ಟೇ."

ಅವಳು ಅದನ್ನು ಮುರಿದು ಮೂಸಿ ನೋಡಿದಳು. ಎರಡೂ ತುಂಡನ್ನು ಡಬ್ಬಿಗೆ ಹಾಕಿದಳು. "ಭಾನುವಾರ ತಿಂತೀನಿ," ಎಂದಳು. "ನೋವು ಬಂದ್ರೂ ಸ್ಕೂಲ್ ತಪ್ಪಂಗಿಲ್ಲ."