ಬಲಕ್ಕೆ ರೋವೀನಾ, ಎಡಕ್ಕೆ ಲಾಂಡ್ರಿ

ಬೆಳಗಿನ ಐದು ಗಂಟೆಗೆ ಟಾಲ್‌ಮನ್ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ದೀಪ ಉರಿಯುವುದು ಒಂದೇ ಕಡೆ, ಪ್ರೇಕ್ಷಕರ ಮೆಟ್ಟಿಲುಗಳ ಅಡಿಯ ಉದ್ದನೆಯ ಕೋಣೆಯಲ್ಲಿ. ಬಟ್ಟೆ ಒಣಗಿಸುವ ಮೂರು ಯಂತ್ರಗಳು ಅಲ್ಲಿ ಒಟ್ಟಿಗೆ ಗುಡುಗುತ್ತಿವೆ. ಅವುಗಳ ಎದುರು ಸ್ಟೂಲಿನ ಮೇಲೆ ಕುಳಿತ ರೋವೀನಾ ವಾನೆಕ್ ಹೆಲ್ಮೆಟ್ಟೊಂದನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಗಲ್ಲಪಟ್ಟಿಯ ಗುಂಡಿಯನ್ನು ಇಕ್ಕಳದಿಂದ ತಿರುಚುತ್ತಿದ್ದಾರೆ. ಹೊರಗೆ ಮೆಕ್ಕೆಜೋಳದ ಹೊಲಗಳ ಮೇಲೆ ಇನ್ನೂ ಕತ್ತಲು. ಆಗಸ್ಟಿನ ನೆಬ್ರಾಸ್ಕದಲ್ಲಿ ಈ ಹೊತ್ತಿಗೇ ಮೈ ಬೆವರುತ್ತದೆ, ಯಂತ್ರಗಳ ಬಳಿ ಕೇಳುವುದೇ ಬೇಡ.

ಬಾಗಿಲ ಹೊರಗಿನ ಬೆಂಚಿನ ಮೇಲೆ ಮೂವರು ಹುಡುಗರು ಸಾಲಾಗಿ ಕುಳಿತಿದ್ದಾರೆ. ಈ ವರ್ಷದ ಲೈನ್‌ಬ್ಯಾಕರ್‌ಗಳು ಇವರೇ. ಮೊದಲು ಒಳಗೆ ಬಂದವನು ಬೋ ಸ್ಟ್ರಾಸ್‌ಹೈಮ್. ರೋವೀನಾ ಅವನ ಹುಬ್ಬಿನ ಮೇಲೆ ಎರಡು ಬೆರಳಿಟ್ಟು ಅಳೆದು, ಹೆಲ್ಮೆಟ್ಟಿನ ಮುಖದ ಕಂಬಿ ಹಿಡಿದು ಎರಡೂ ಕಡೆಗೆ ಅಲ್ಲಾಡಿಸುತ್ತಾರೆ.

"ಹೆಲ್ಮೆಟ್ ಜತೆ ಹಣೆಯ ಚರ್ಮಾನೂ ಅಲ್ಲಾಡ್ಬೇಕು. ಬರೀ ಹೆಲ್ಮೆಟ್ ಅಲ್ಲಾಡಿದ್ರೆ ಅದು ಟೋಪಿ ಕಣೋ."

"ಹೋದ ವರ್ಷಕ್ಕಿಂತ ಬಿಗಿ ಅನ್ನಿಸ್ತಿದೆ ಮಿಸ್ ರೋವೀನಾ. ತಲೆ ದಪ್ಪ ಆಗಿದೆಯಾ ನಂದು?"

"ಕೂದಲು ಬೆಳೆದಿದೆ. ತಲೆ ಒಳಗೆ ಏನಾದ್ರೂ ಸೇರಿದ್ರೆ ನನಗೆ ಮೊದಲೇ ಗೊತ್ತಾಗ್ತಿತ್ತು."

ಬೆಂಚಿನಿಂದ ನಗು ಬರುತ್ತದೆ. ನಗುವವನು ತಾವಿತಾ ಲೆಯಾಟಾವಾ. ಮೂರನೆಯವನು ನಗುತ್ತಿಲ್ಲ. ಅವನು ಕ್ವಿನ್ಸಿ ಬೆಲ್, ಒಮಾಹಾ ನಗರದ ಹುಡುಗ, ಕಾಲೇಜಿನಲ್ಲಿ ಎರಡನೆಯ ವರ್ಷ.

ಈ ಶನಿವಾರ ಪಂದ್ಯಗಳ ಋತು ಶುರುವಾಗುತ್ತದೆ. ಟಾಲ್‌ಮನ್ ತಂಡದ ಹೆಸರು ‘ಕ್ರೇನ್ಸ್’, ಪ್ಲಾಟ್ ನದಿಗೆ ವಸಂತದಲ್ಲಿ ಬಂದಿಳಿಯುವ ಉದ್ದ ಕಾಲಿನ ಕೊಕ್ಕರೆಗಳದೇ ಹೆಸರು. ತಂಡದ ರಕ್ಷಣೆಯಲ್ಲಿ ಮುಂದಿನ ಸಾಲು ಗಟ್ಟಿಯಾಗಿದೆ, ಹಿಂದೆ ಕಾಯುವವರು ಹಳಬರು. ಪ್ರಶ್ನೆ ಇರುವುದು ಇವೆರಡರ ನಡುವೆ ನಿಲ್ಲುವ ಮೂವರು ಲೈನ್‌ಬ್ಯಾಕರ್‌ಗಳ ಬಗ್ಗೆ. ಬೋ ಕೊನೆಯ ವರ್ಷದ ಆಟಗಾರ, ಬೇಸಿಗೆಯೆಲ್ಲ ಹುಲ್ಲಿನ ಹೊರೆ ಎತ್ತಿ ಬಂದವನು, ಹಿಡಿದರೆ ಬಿಡುವುದಿಲ್ಲ. ತಾವಿತಾ ಮೂವರಲ್ಲಿ ವೇಗಿ. ಕ್ವಿನ್ಸಿ ನಿಲ್ಲಬೇಕಾದದ್ದು ನಟ್ಟನಡುವೆ. ಆ ಜಾಗದವನಿಗೆ ಬರೀ ಮೈಬಲ ಸಾಲದು. ಎದುರಾಳಿಗಳು ಸಾಲುಗಟ್ಟಿದ ಕೂಡಲೇ ಅವರಲ್ಲಿ ಹೆಚ್ಚು ಮಂದಿ ಎಡಕ್ಕಿದ್ದಾರೋ ಬಲಕ್ಕಿದ್ದಾರೋ ಎಂದು ಕಂಡು, ಚೆಂಡು ಕದಲುವ ಮುಂಚೆ ಕೂಗಿ ಹೇಳಬೇಕು. ಅವನ ಕೂಗಿಗೆ ಹನ್ನೊಂದೂ ಮಂದಿ ವಾಲುತ್ತಾರೆ.

ಆ ಕೂಗಿನಲ್ಲೇ ಇದೆ ರೋವೀನಾ ಅವರ ಕಥೆ.

ಇಂಗ್ಲಿಷಿನ ಲೆಫ್ಟ್‌ಗೆ ‘ಲ’ದಿಂದ, ರೈಟ್‌ಗೆ ‘ರ’ದಿಂದ ಶುರುವಾಗುವ ಒಂದೊಂದು ಗುಟ್ಟಿನ ಮಾತನ್ನು ಇಟ್ಟುಕೊಳ್ಳುವುದು ಎಲ್ಲ ತಂಡಗಳ ವಾಡಿಕೆ. ಲೈನ್‌ಬ್ಯಾಕರ್‌ಗಳ ಕೋಚ್ ಗಸ್ ಹ್ರೂಸ್ಕಾ ಹತ್ತೊಂಬತ್ತು ವರ್ಷಗಳ ಹಿಂದೆ ಒಂದು ಬೆಳಗ್ಗೆ ಆ ಎರಡು ಮಾತು ಹುಡುಕುತ್ತ ಇದೇ ಕೋಣೆಗೆ ಬಂದರಂತೆ. ಎದುರಿಗೆ ಕಂಡದ್ದು ಎರಡೇ. ಎಡಕ್ಕೆ ‘ಲಾಂಡ್ರಿ’ ಆಯಿತು, ಬಲಕ್ಕೆ ‘ರೋವೀನಾ’.

ರೋವೀನಾ ಆಗ ಈ ಕೆಲಸಕ್ಕೆ ಹೊಸಬರು. ಊರಿನಲ್ಲಿ ಗುಡಾರದ ಬಟ್ಟೆ ಹೊಲಿಯುವ ಕಾರ್ಖಾನೆ ಇತ್ತು, ಶಾಲೆ ಮುಗಿಸಿದ ಮರುವಾರದಿಂದ ಅಲ್ಲಿ ಹೊಲಿಯುತ್ತಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಕಾಲೇಜಿನ ವಸತಿಗೃಹದಲ್ಲಿ ಹಾಸಿಗೆಯ ಬಟ್ಟೆ ಒಗೆಯಲು ಸೇರಿದರು. ದಪ್ಪ ಬಟ್ಟೆ ಹೊಲಿಯಬಲ್ಲ ಕೈ ಎಂದು ತಿಳಿದಾಗ ಫುಟ್‌ಬಾಲ್ ವಿಭಾಗ ಕರೆಸಿಕೊಂಡಿತು. ಈಗ ಅವರಿಗೆ ಅರವತ್ತೊಂದು. ತೊಂಬತ್ತು ಹುಡುಗರ ಹೆಲ್ಮೆಟ್, ಭುಜಗವಸು, ಅಂಗಿ, ಚಡ್ಡಿ, ಕಾಲುಚೀಲ ಎಲ್ಲವೂ ಅವರ ಕೈ ದಾಟಿಯೇ ಮೈದಾನಕ್ಕೆ ಹೋಗಬೇಕು. ಆಗಸ್ಟಿನಲ್ಲಿ ದಿನಕ್ಕೆರಡು ಅಭ್ಯಾಸ, ಅಂದರೆ ಎರಡು ಒಗೆತ. ಸಾಬೂನಿಗೆ ಬೆರಳ ಸಂದುಗಳು ಬಿರಿದಿವೆ. ಕಳೆದ ಡಿಸೆಂಬರಿನಲ್ಲಿ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಯಿತು. ಮಾರ್ಚಿಗೆ ಕೋಲು ಬಿಸಾಡಿ ಬಂದರು.

"ಹುಡುಗರ ಚಡ್ಡಿ ಮೇಲಿನ ಹುಲ್ಲಿನ ಕಲೆ ನೋಡಿದ್ರೆ ಯಾರು ಬಿದ್ದು ಎದ್ದಿದಾನೆ, ಯಾರು ಬರೀ ನಿಂತಿದ್ದ ಅಂತ ಗೊತ್ತಾಗುತ್ತೆ," ಎನ್ನುತ್ತಾರೆ. "ಕೋಚ್‌ಗೆ ಹೇಳಲ್ಲ. ನಾನೇ ಒಂದು ಮಾತು ಗದರ್ತೀನಿ ಅಷ್ಟೆ."

ತಮ್ಮ ಹೆಸರು ಮೈದಾನದಲ್ಲಿ ಮೊಳಗತೊಡಗಿದ ಮೊದಲ ಶನಿವಾರವನ್ನು ಅವರು ನಗುತ್ತ ನೆನೆಯುತ್ತಾರೆ. ಗಂಡ ಮಿಲೋಗೆ ಯಾರೂ ವಿಷಯ ಹೇಳಿರಲಿಲ್ಲ. ಹುಡುಗರೆಲ್ಲ ಒಟ್ಟಾಗಿ "ರೋವೀನಾ! ರೋವೀನಾ!" ಎಂದು ಅರಚಿದ್ದೇ ತಡ, ಹೆಂಡತಿಗೆ ಏನೋ ಆಯಿತೆಂದು ಆತ ಕೈಯಲ್ಲಿದ್ದ ಕೊಲಾಚೆ ಬನ್ನಿನ ಸಮೇತ ಕಟಕಟೆ ಹಾರಿ ಓಡಿಬಂದನಂತೆ.

"ನಲವತ್ತು ವರ್ಷದಲ್ಲಿ ನನಗೋಸ್ಕರ ಅವನು ಓಡಿದ್ದು ಅದೊಂದೇ ಸಲ. ಬನ್ ಮಾತ್ರ ಬಿಟ್ಟಿರ್ಲಿಲ್ಲ."

ಕಳೆದ ನವೆಂಬರಿನ ಶನಿವಾರದ ಮಾತು ಬಂದಾಗ ನಗು ನಿಲ್ಲುತ್ತದೆ.

ವರ್ಷದ ಕೊನೆಯ ಪಂದ್ಯ. ಎದುರಾಳಿ ಬ್ರೆಂಟ್‌ವೆಲ್ ಕಾಲೇಜು. ಗೆದ್ದರೆ ವಲಯದ ಪಟ್ಟ. ಕ್ರೇನ್ಸ್ ಮುಂದಿತ್ತು, ಗಡಿಯಾರದಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ. ಬ್ರೆಂಟ್‌ವೆಲ್ ಕೈಯಲ್ಲಿ ಚೆಂಡು, ಅಂಕದ ಗೆರೆಗೆ ನಾಲ್ಕು ಗಜ. ನಡುವಿನ ಲೈನ್‌ಬ್ಯಾಕರ್ ಆಗಿದ್ದ ತಂಡದ ನಾಯಕನ ಗಲ್ಲಪಟ್ಟಿ ಹರಿದು ಹೆಲ್ಮೆಟ್ ಕಳಚಿಬಿತ್ತು. ಹಾಗಾದರೆ ಒಂದು ಸರದಿ, ಅಂದರೆ ಚೆಂಡು ಒಮ್ಮೆ ಕದಲಿ ನಿಲ್ಲುವವರೆಗೆ, ಹೊರಗೆ ಕೂರಬೇಕು, ಅದು ನಿಯಮ. ಆ ಒಂದೇ ಒಂದು ಸರದಿಗೆ ಒಳಗೆ ಹೋದವನು ಮೊದಲ ವರ್ಷದ ಕ್ವಿನ್ಸಿ.

ಕ್ವಿನ್ಸಿ ಎದುರು ಸಾಲು ನೋಡಿದ. ಹೆಚ್ಚು ಮಂದಿ ಎಡಕ್ಕಿದ್ದರು. "ಲಾಂಡ್ರಿ!" ಎಂದು ಕೂಗಿದ. ಅದೇ ಕ್ಷಣ ಮೈದಾನದ ಅಂಚಿನಿಂದ ಕೋಚ್ ಹ್ರೂಸ್ಕಾ ದನಿ ಕೇಳಿಸಿತು: "ರೋವೀನಾ! ರೋವೀನಾ!" ಕೋಚ್ ಕರೆದದ್ದು ಪಟ್ಟಿ ಸರಿಮಾಡಲು ಇಕ್ಕಳ ಹಿಡಿದು ನಿಂತಿದ್ದ ರೋವೀನಾರನ್ನು. ಹುಡುಗನಿಗೆ ಅದು ಅಪ್ಪಣೆಯಂತೆ ಕೇಳಿಸಿತು. ಕೂಗನ್ನು ಬದಲಿಸಿದ. ಹನ್ನೊಂದೂ ಮಂದಿ ಬಲಕ್ಕೆ ವಾಲಿದರು, ಚೆಂಡು ಎಡಕ್ಕೆ ಹೋಯಿತು. ಅದನ್ನು ಹಿಡಿದವನನ್ನು ಮುಟ್ಟಲು ಅಲ್ಲೊಬ್ಬನೂ ಇರಲಿಲ್ಲ. ಪಂದ್ಯವೂ ಪಟ್ಟವೂ ಬ್ರೆಂಟ್‌ವೆಲ್ ಪಾಲಾದವು.

"ತಪ್ಪು ನಂದು. ಹುಡುಗಂದಲ್ಲ, ಅವಳದಂತೂ ಅಲ್ವೇ ಅಲ್ಲ," ಎನ್ನುತ್ತಾರೆ ಹ್ರೂಸ್ಕಾ. ಇದನ್ನು ಅವರು ಎಲ್ಲರೆದುರೂ ಹೇಳಿದ್ದಾರೆ. ಊರು ಮಾತ್ರ ಹೆಸರನ್ನೇ ಹಿಡಿದುಕೊಂಡಿತು. ಚರ್ಚಿನ ನೆಲಮಾಳಿಗೆಯಲ್ಲಿ ಶುಕ್ರವಾರದ ಮೀನೂಟಕ್ಕೆ ರೋವೀನಾ ಕೋಲೂರಿ ಬಂದರೆ, "ಎಡಗಡೆ ಸಾಲಿಗೆ ಬಾರಮ್ಮ, ಬಲಕ್ಕೆ ಹೋಗಿ ಆಗಿದ್ದು ಸಾಕು!" ಎನ್ನುವವರಿದ್ದರು. ನಾಲ್ಕು ರಸ್ತೆ ಸೇರುವಲ್ಲಿ ಕಾರು ಬಲಕ್ಕೆ ತಿರುಗಿಸಿದರೂ ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು.

"ತಮಾಷೆಗೇ ಅಂತಿದ್ರು, ನಂಗೊತ್ತು. ಆದ್ರೆ ಆ ಹುಡುಗ ನನ್ನ ಮುಖ ನೋಡೋದೇ ಬಿಟ್ಟ. ಟವೆಲ್ ಬೇಕಾದ್ರೂ ಇನ್ನೊಬ್ಬನ್ನ ಕಳಿಸೋನು. ಅದಕ್ಕೇ ಗಸ್‌ಗೆ ಹೇಳ್ದೆ, ನನ್ನ ಹೆಸರು ತೆಗೆದ್ಹಾಕಪ್ಪ, ಬೇರೆ ಏನಾದ್ರೂ ಇಟ್ಕೋ ಅಂತ."

ಮಾರ್ಚ್‌ನಿಂದ ಬಲಕ್ಕೆ ‘ರಿವರ್’ ಎಂದಾಯಿತು. ಕಾಗದದ ಮೇಲೆ ಸರಿಯಾಗಿಯೇ ಇತ್ತು. ಮೈದಾನದಲ್ಲಿ ಕೂಡಿಬರಲಿಲ್ಲ. ಮೂರು ವರ್ಷದಿಂದ ಹಳೆಯ ಮಾತಿಗೆ ಕದಲಿದ ಬೋನ ಕಾಲು ಹೊಸ ಮಾತಿಗೆ ಅರೆಗಳಿಗೆ ಕಾಯುತ್ತಿತ್ತು. ಕ್ವಿನ್ಸಿಯ ತೊಡಕು ಬೇರೆಯೇ. ಕೂಗುವ ಮುಂಚೆ ಪ್ರತಿ ಸಲವೂ ಅವನ ತಲೆ ಅಂಚಿನ ಕಡೆ, ಕೋಚ್ ಕಡೆ ತಿರುಗುತ್ತಿತ್ತು. ತಾನು ಕಂಡದ್ದನ್ನು ಇನ್ನೊಬ್ಬರ ಮುಖದಲ್ಲಿ ಖಾತರಿ ಮಾಡಿಕೊಳ್ಳುವಷ್ಟರಲ್ಲಿ ಚೆಂಡು ಹೊರಟಿರುತ್ತಿತ್ತು. ಕಳೆದ ಶನಿವಾರ ತಂಡದೊಳಗೇ ಆಡಿದ ಅಭ್ಯಾಸ ಪಂದ್ಯದ ನಂತರ ಹ್ರೂಸ್ಕಾ ಖಂಡಿತವಾಗಿ ಹೇಳಿದರು: ಗುರುವಾರದ ಅಭ್ಯಾಸದೊಳಗೆ ಕೂಗು ಸರಿಹೋಗದಿದ್ದರೆ ನಡುವಿನ ಜಾಗ ಬೋಗೆ. ಕ್ವಿನ್ಸಿಗೆ ಬೆಂಚು. ಮೊದಲ ಪಂದ್ಯಕ್ಕೆ ಬರುತ್ತಿರುವುದು ಮತ್ತೆ ಅದೇ ಬ್ರೆಂಟ್‌ವೆಲ್.

ಆದ್ದರಿಂದಲೇ ಮಂಗಳವಾರದ ಈ ನಸುಕಿನಲ್ಲಿ ಬೆಂಚಿನ ಮೇಲಿನ ಮೂರನೆಯ ಹುಡುಗ ನಗುತ್ತಿಲ್ಲ.

ಅವನ ಸರದಿ ಬಂದಾಗ ರೋವೀನಾ ಹೆಲ್ಮೆಟ್ ತೊಡಿಸಿ, ಅದರ ಒಳಮೆತ್ತೆಗೆ ಗಾಳಿ ತುಂಬಿ, ಎರಡು ಬೆರಳು ಅಳೆಯುತ್ತಾರೆ. ಕ್ವಿನ್ಸಿ ಏನೋ ಹೇಳುತ್ತಾನೆ. ಯಂತ್ರಗಳ ಸದ್ದಿನಲ್ಲಿ ಕೇಳಿಸುವುದಿಲ್ಲ. ರೋವೀನಾ ಬೆನ್ನು ತಿರುಗಿಸಿ ಕೋಣೆಯ ಆ ತುದಿಗೆ ಹೋಗಿ ಟವೆಲ್ ಮಡಚತೊಡಗುತ್ತಾರೆ.

"ಮಿಸ್ ರೋವೀನಾ, ಕಿವಿ ಹತ್ರ ಒತ್ತುತ್ತೆ."

"ಏನಂದೆ?"

"ಮಿಸ್ ರೋವೀನಾ..."

"ಈ ಯಂತ್ರದ ಮುಂದೆ ನಿಂಗೆ ದನಿ ಇಲ್ಲ, ಶನಿವಾರ ಐದು ಸಾವಿರ ಜನ ಕೂತ್ಕೋತಾರೆ. ಮಿಸ್ಸು ಗಿಸ್ಸು ಬಿಡು. ನನ್ನ ಹೆಸರು ಕೂಗು!"

"ರೋವೀನಾ."

"ಕೇಳಿಸ್ಲಿಲ್ಲ!"

"ರೋವೀನಾ!"

"ನಿಮ್ಮಮ್ಮ ಒಮಾಹಾದಿಂದ ಬರ್ತಾರಲ್ಲ, ಮೇಲಿನ ಮೆಟ್ಟಿಲಿಗೆ ಕೇಳ್ಸೋ!"

"ರೋವೀನಾ!"

ಈ ಸಲ ತಗಡಿನ ಬೀರುಗಳು ಅದುರುತ್ತವೆ. ಹೊರಗೆ ಧಡ್ಡೆಂಬ ಸದ್ದು. ಬೆಂಚಿನ ಮೇಲೆ ಬೂಟಿನ ಲಾಡಿ ಕಟ್ಟುತ್ತಿದ್ದ ಬೋ, ಪಕ್ಕದಲ್ಲಿ ತೂಕಡಿಸುತ್ತಿದ್ದ ತಾವಿತಾ, ಇಬ್ಬರೂ ಒಟ್ಟಿಗೆ ಬಲಕ್ಕೆ ವಾಲಿದ್ದಾರೆ. ಬಲತುದಿಯಲ್ಲಿದ್ದ ಬೋ ನೆಲಕ್ಕೆ ಬಿದ್ದಿದ್ದಾನೆ.

"ಲೋ, ಒಂದು ಮಾತು ಹೇಳಿ ಕೂಗಬಾರ್ದಾ!" ಎಂದು ಬೋ ನೆಲದಿಂದಲೇ ರೇಗುತ್ತಾನೆ. ತಾವಿತಾಗೆ ಇನ್ನೂ ಪೂರ್ತಿ ಎಚ್ಚರವಾಗಿಲ್ಲ. ಕ್ವಿನ್ಸಿ ಇಬ್ಬರನ್ನೂ ನೋಡುತ್ತಾನೆ. ನವೆಂಬರಿನ ನಂತರ ಆ ಕೋಣೆಯಲ್ಲಿ ಅವನು ನಕ್ಕಿದ್ದು ಇದೇ ಮೊದಲು ಎಂದು ರೋವೀನಾ ಆಮೇಲೆ ಹೇಳಿದರು.

ಸದ್ದು ಕೇಳಿ ಕಾಫಿ ಲೋಟ ಹಿಡಿದು ಬಂದ ಹ್ರೂಸ್ಕಾ, ಬಿದ್ದವನನ್ನೂ ನಿಂತವನನ್ನೂ ನೋಡಿ ಬಾಗಿಲಲ್ಲೇ ನಿಲ್ಲುತ್ತಾರೆ. ಮೊದಲು ಮಾತಾಡಿದವರು ರೋವೀನಾ.

"ಗಸ್, ಹಳೇ ಮಾತೇ ಇರ್ಲಿ. ಇವರ ಕಾಲಿಗೆ ಅದು ಗೊತ್ತು."

"ನೀನೇ ತಾನೆ ತೆಗಿ ಅಂದೋಳು? ಮತ್ತೆ ನಾನು ಅಂಚಲ್ಲಿ ನಿನ್ನ ಕರೆದ್ರೆ?"

"ಕರೀಬೇಡ. ಬದಲಾಗ್ಬೇಕಾದ್ದು ಅಲ್ಲಿ. ಪಟ್ಟಿ ಹರಿದ್ರೂ ಸರಿ, ಪ್ರಾಣ ಹೋದ್ರೂ ಸರಿ, ಆಟ ಮುಗಿಯೋವರ್ಗೂ ಯಾರೂ ನನ್ನ ಹೆಸರೆತ್ತಬಾರ್ದು." ಆಮೇಲೆ ಕ್ವಿನ್ಸಿ ಕಡೆ ತಿರುಗುತ್ತಾರೆ. "ಕೇಳಿಸ್ಕೊಂಡ್ಯಾ? ಇನ್ಮೇಲೆ ಮೈದಾನದಲ್ಲಿ ಆ ಹೆಸರು ಮೊದಲು ಎದ್ರೆ ಅದು ನಿನ್ನ ಬಾಯಿಂದ್ಲೇ ಎದ್ದಿರುತ್ತೆ. ಅಂಚಿನ ಕಡೆ ನೋಡೋ ಕೆಲಸ ಇಲ್ಲ. ಅಲ್ಲಿ ಯಾರೂ ಏನೂ ಹೇಳ್ತಿರಲ್ಲ."

ಹಾಗಾದರೆ ಆಟದ ನಡುವೆ ರೋವೀನಾರನ್ನು ಏನೆಂದು ಕರೆಯುವುದು? ಬೋ ‘ಅಜ್ಜಿ’ ಎಂದ. ಹಾಗೆ ಕರೆದವನ ಕಿವಿಯನ್ನು ಇಕ್ಕಳದಲ್ಲಿ ಹಿಡಿಯುವುದಾಗಿ ರೋವೀನಾ ಹೇಳಿದ್ದರಿಂದ ‘ಇಕ್ಕಳ’ ಎಂಬುದೇ ನಿಶ್ಚಯವಾಯಿತು. ಕೋಚ್‌ಗಳು, ವೈದ್ಯರು, ನೀರು ಕೊಡುವವರು, ಎಲ್ಲರಿಗೂ ಅಂದೇ ತಿಳಿಸಲಾಯಿತು.

ಗುರುವಾರ ಸಂಜೆಯ ಅಭ್ಯಾಸ ಪೂರ್ತಿ ಉಡುಪಿನಲ್ಲಿ ನಡೆಯುತ್ತದೆ. ಎದುರಾಳಿಯ ಆಟವನ್ನು ಅನುಕರಿಸಲು ಮೀಸಲು ಹುಡುಗರನ್ನು ನಿಲ್ಲಿಸಿದ್ದಾರೆ. ಮೊದಲ ಸರದಿಗೆ ಕ್ವಿನ್ಸಿಯ ತಲೆ ಅಭ್ಯಾಸಬಲದಿಂದ ಅಂಚಿಗೆ ತಿರುಗುತ್ತದೆ. ಅಲ್ಲಿ ಹ್ರೂಸ್ಕಾ ಬೇಕೆಂದೇ ಬೆನ್ನು ಹಾಕಿ ನಿಂತಿದ್ದಾರೆ. ಎರಡನೆಯ ಸರದಿಗೆ "ಲಾಂಡ್ರಿ!" ಎಂಬ ಕೂಗು ಮೆಟ್ಟಿಲುಗಳಿಗೆ ಬಡಿದು ಹಿಂದಿರುಗುತ್ತದೆ. ಮೂವರೂ ಎಡಕ್ಕೆ ನುಗ್ಗುತ್ತಾರೆ, ಚೆಂಡು ಹಿಡಿದವನು ಗೆರೆ ಮುಟ್ಟುವ ಮುಂಚೆಯೇ ತಾವಿತಾನ ಅಡಿಯಲ್ಲಿರುತ್ತಾನೆ. ಆಮೇಲೊಮ್ಮೆ ಕ್ವಿನ್ಸಿ ಪೂರಾ ತಪ್ಪು ಕೂಗುತ್ತಾನೆ. ಬೋ "ಕಣ್ಣು ಒಗೆಯೋಕೆ ಹಾಕಿದ್ಯೇನೋ?" ಎಂದು ಹಂಗಿಸುತ್ತಾನೆ. ಕ್ವಿನ್ಸಿ ಮುಂದಿನ ಸರದಿಗೆ ಅಷ್ಟೇ ಜೋರಾಗಿ ಕೂಗುತ್ತಾನೆ, ಸರಿಯಾಗಿ ಕೂಗುತ್ತಾನೆ.

"ತಪ್ಪು ಕೂಗಿದ, ಆದ್ರೆ ಕೂಗಿದ," ಎನ್ನುತ್ತಾರೆ ಹ್ರೂಸ್ಕಾ. "ತಪ್ಪನ್ನ ತಿದ್ದಬಹುದು. ಮೌನವನ್ನ ಏನಂತ ತಿದ್ದೋದು? ಶನಿವಾರ ನಡುವಿನ ಜಾಗ ಅವಂದೇ."

ಈ ಲೈನ್‌ಬ್ಯಾಕರ್‌ಗಳು ಬ್ರೆಂಟ್‌ವೆಲ್ ತಂಡವನ್ನು ತಡೆಯುತ್ತಾರೆಯೇ? ವೇಗ ಇದೆ, ಹಿಡಿತ ಇದೆ, ಅನುಭವ ಕಡಿಮೆ. ದನಿ ಈಗ ಬಂದಿದೆ. ಗೆಲುವಿನ ಮಾತು ಹೇಳಲು ಇಷ್ಟು ಸಾಲದು, ಭರವಸೆಗೆ ಸಾಕು.

ಅಭ್ಯಾಸ ಮುಗಿದು ಹುಡುಗರು ಊಟಕ್ಕೆ ಹೋಗಿದ್ದಾರೆ. ರೋವೀನಾ ಕೊಳೆಬಟ್ಟೆಯ ಬಂಡಿ ತಳ್ಳಿಕೊಂಡು ಬಂದು ಯಂತ್ರದ ಬಾಗಿಲು ತೆರೆಯುತ್ತಾರೆ. ಕ್ವಿನ್ಸಿಯ ಚಡ್ಡಿಯನ್ನು ಬೆಳಕಿಗೆ ಹಿಡಿದು, ಎರಡೂ ಮಂಡಿಯ ಹಸಿರು ಕಲೆಗಳನ್ನು ನೋಡಿ, ಯಂತ್ರದೊಳಗೆ ಹಾಕುತ್ತಾರೆ. ಶನಿವಾರದ ಬಗ್ಗೆ ಅವರಿಗೊಂದೇ ಕೋರಿಕೆ, ಅದೂ ಊರಿನವರಲ್ಲಿ.

"ಮೆಟ್ಟಿಲ ಮೇಲೆ ಕೂತ್ಕೊಂಡು ಸುಮ್ನೆ ಕೈ ಬೀಸಿ. ಹೆಸರು ಹಿಡ್ದು ಕರೀಬೇಡಿ, ನಾನು ತಿರುಗಿ ನೋಡಲ್ಲ. ಆ ಮೂರು ಗಂಟೆ ನನ್ನ ಹೆಸರು ನನ್ನ ಹತ್ರ ಇರಲ್ಲ. ಹುಡುಗರಿಗೆ ಕೊಟ್ಟಿದೀನಿ, ಅವರಿಗೆ ಬೇಕಾಗಿದೆ."