ಹಾಜರಿ ತಪ್ಪಿಸಿಕೊಂಡ ಮೌಸ್

ಅರಕಲಗೂಡಿನ ಜಯಣ್ಣ ಕಂಪ್ಯೂಟರ್ ರಿಪೇರಿಗೆ ಬಂದರೆ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತುಬಿಡುತ್ತಿದ್ದರು. ಮಷೀನು ಮುಟ್ಟುವವರು ನಾವು, ಹೇಳುವವರು ಅವರು. "ಅದ್ನ ಕೀಳು, ಇದ್ನ ಆಕು, ಈಗ ಆನ್ ಮಾಡು ನೋಡವ್ವ." ಹೊಳೆನರಸೀಪುರದ ತಾಲ್ಲೂಕು ಕಚೇರಿ ಎದುರು ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡಿರುವ ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಮೇಜಿನ ಕೆಳಗೆ ತೂರಿ ಧೂಳು ಕುಡಿಯುವವಳು ನಾನಾದರೆ ಈ ಮನುಷ್ಯನನ್ನು ಕರೆಸುವುದಾದರೂ ಯಾಕೆ?

ಕೇಳಿದರೆ, "ನಾನೇ ಮಾಡ್ಬುಟ್ರೆ ನೀನು ಕಲ್ಯಾಕಿಲ್ಲ ಕಣವ್ವ," ಅನ್ನುತ್ತಿದ್ದರು. ಟೀ ಕೊಟ್ಟರೆ ಬೇಡ, ನೀರೂ ಬೇಡ. "ಮನೇಲೇ ಕುಡ್ಕಂಡು ಬಂದಿವ್ನಿ." ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದವರಿಗೆ ಬಾಯಾರುವುದಿಲ್ಲವೇ? ಜಂಬ ಅಂದುಕೊಂಡಿದ್ದೆ. ಮೊದಲು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುತ್ತಿದ್ದವರು, ಆಮೇಲೆ ಟಿ.ವಿ., ಆಮೇಲೆ ಕಂಪ್ಯೂಟರ್. ಹ್ಯಾಂಗ್ ಆದ ಮಷೀನು ಅವರ ಬಾಯಲ್ಲಿ 'ಮೊಂಡು ಬಿದ್ದದೆ'. ನಿಧಾನವಾದದ್ದು 'ಉಂಡು ಮಲಗದೆ'.

ಒಂದು ಮಧ್ಯಾಹ್ನ ಕರೆಂಟು ಹೋಗಿ ಬಂತು. ಮಷೀನು ಆನ್ ಆಯಿತು, ಪರದೆಯ ಮೇಲೆ ಬಾಣ ಮಾತ್ರ ಇಲ್ಲ. ನನ್ನದು ಹಳೇ ಮಷೀನು, ಈಗಿನ ಚಪ್ಪಟೆ ಯು.ಎಸ್.ಬಿ. ಅಲ್ಲ, ದುಂಡು ಪಿನ್ನಿನ ಮೌಸ್. ಎಷ್ಟು ಉಜ್ಜಿದರೂ ಜಪ್ಪಯ್ಯ ಅನ್ನಲಿಲ್ಲ. ಎದುರಿಗೆ ಅಂಗನವಾಡಿ ಸಹಾಯಕಿ ಕೆಲಸಕ್ಕೆ ಅರ್ಜಿ ಹಾಕಲು ಬಂದ ಸಾವಿತ್ರಮ್ಮ ಕೂತಿದ್ದಳು. ಅವತ್ತೇ ಐದೂವರೆಗೆ ಕೊನೆ, ಅವಳ ವಯಸ್ಸಿಗೆ ಮುಂದಿನ ಸಲ ಎಂಬುದಿಲ್ಲ. ಪಕ್ಕದ ಅರ್ಜಿ ಅಂಗಡಿಗೆ ಕಳಿಸೋಣವೆಂದರೆ ಅಲ್ಲಿನ ಸಾಲು ರಸ್ತೆಗೆ ಬಂದಿತ್ತು. ಪುಣ್ಯಕ್ಕೆ ಜಯಣ್ಣ ಅವತ್ತು ನಮ್ಮೂರಿಗೇ ಬಂದಿದ್ದರು. ಬರುವಷ್ಟರಲ್ಲಿ ಐದು ಗಂಟೆ.

"ಆನ್ ಇದ್ದಂಗೇ ಕಿತ್ತು ಆಕಿದ್ಯಾ?"

"ಹೂಂ, ಹತ್ತು ಸಲ."

"ಅಲ್ಲೇ ಕೆಟ್ಟಿದ್ದು. ದುಂಡು ಪಿನ್ನು ಚಪ್ಪಟೆ ಪಿನ್ನಂಗಲ್ಲ ಕಣವ್ವ. ಮಷೀನು ಏಳೋವಾಗ ಆಜ್ರಿ ಕೂಗ್ತದೆ. ಆಗ ಇದು ಸರ್ಯಾಗಿ ಕೂತಿರ್ಬೇಕು. ಆಮ್ಯಾಕೆ ಬಂದು 'ಪ್ರೆಸೆಂಟ್ ಸಾ' ಅಂದ್ರೆ ಒಳಕ್ಕೆ ಸೇರ್ಸಾಕಿಲ್ಲ. ಆಫ್ ಮಾಡು, ಅಸ್ರು ಬಣ್ಣದ ತೂತ್ಗೆ ಒತ್ತಿ ಆಕು, ಆಮ್ಯಾಕೆ ಆನ್ ಮಾಡು."

ಆಫ್ ಮಾಡಿದೆ. ಪಿತ್ತ ನೆತ್ತಿಗೇರಿತ್ತು. "ಟೈಮಿಲ್ಲ ಕಣಣ್ಣ! ಇವತ್ತಾದ್ರೂ ಕೈ ಈಚೆಗೆ ತೆಗೀರಿ, ಏನು ಸವ್ದೋಗುತ್ತಾ?" ಎಂದು ಪಿನ್ನನ್ನು ಅವರ ಕಡೆ ಚಾಚಿದೆ.

ಕೈ ಈಚೆ ಬಂತು. ಗಡಗಡ ನಡುಗುತ್ತಿತ್ತು. ಪಿನ್ನು ತೂತಿನ ಸುತ್ತ ಟಕಟಕ ಬಡಿಯಿತೇ ಹೊರತು ಒಳಗೆ ಹೋಗಲಿಲ್ಲ. ಸಾವಿತ್ರಮ್ಮ ಗಡಿಯಾರ ನೋಡುತ್ತಿದ್ದಳು, ಅವಳಿಗೆ ಕಾಣಲಿಲ್ಲ. ನಾನು ಪಿನ್ನು ಈಸಿಕೊಂಡು ಕೂರಿಸಿ ಆನ್ ಮಾಡಿದೆ. ಬಾಣ ಬಂತು. ಐದು ಇಪ್ಪತ್ತಕ್ಕೆ ಅರ್ಜಿ ಹೋಯಿತು.

ಹೊರಡುವಾಗ ಬಾಗಿಲ ಹತ್ತಿರ ನಿಂತು, "ಯಾರ್ಗೂ ಏಳ್ಬ್ಯಾಡ ಕಣವ್ವ. ಗೊತ್ತಾದ್ರೆ ರಿಪೇರಿಗೆ ಯಾರೂ ಕರ್ಯಾಕಿಲ್ಲ," ಅಂದರು. ನನ್ನ ನಾಲಿಗೆ ಸೇದಿಹೋಗಬಾರದಿತ್ತೇ ಅನ್ನಿಸಿತು.

ಯಾರಿಗೂ ಹೇಳಲಿಲ್ಲ. ಇನ್ನೊಂದು ಕೆಲಸವನ್ನೂ ಮಾಡತೊಡಗಿದೆ. ತಿಂಗಳಿಗೊಮ್ಮೆ ನಾನೇ ಪಿನ್ನು ಸಡಿಲಿಸಿ, "ಅಣ್ಣ, ಮೌಸ್ ಮತ್ತೆ ಬತ್ತಿಲ್ಲ" ಎಂದು ಫೋನ್ ಮಾಡುತ್ತಿದ್ದೆ. ಬರುತ್ತಿದ್ದರು, ಕಂಕುಳಲ್ಲಿ ಕೈ ಇಟ್ಟುಕೊಂಡು ಅದೇ ಹಾಜರಿ ಪಾಠ ಒಪ್ಪಿಸುತ್ತಿದ್ದರು. ನಾನು ಅದೇ ಮೊದಲು ಕೇಳಿದವಳ ಹಾಗೆ ತಲೆಯಾಡಿಸುತ್ತಿದ್ದೆ. ಈ ನಾಟಕ ಒಂದು ವರ್ಷ ನಡೆಯಿತು.

ಕೊನೆಯ ಸಲ ಬಂದಾಗ ಪಾಠ ಹೇಳಲಿಲ್ಲ. ಬಗ್ಗಿ ಮಷೀನಿನ ಹಿಂದುಗಡೆ ನೋಡಿದರು.

"ಈ ಪಿನ್ನು ತಿಂಗ್ ತಿಂಗ್ಳೂ ತಾನಾಗೇ ಕಿತ್ಕಂಡು ಬರಾಕಿಲ್ಲ ಕಣವ್ವ."

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವರು ಕುರ್ಚಿ ಎಳೆದುಕೊಂಡು ಕೂತರು. "ಒಂದು ಟೀ ತರ್ಸು. ಅರ್ಧ ಲೋಟ ಸಾಕು, ತುಂಬಿದ್ರೆ ಚೆಲ್ತದೆ," ಅಂದರು. ನನ್ನೆದುರಿಗೇ ಎರಡೂ ಕೈ ಈಚೆ ತೆಗೆದು ಲೋಟ ಹಿಡಿದು ಕುಡಿದರು. ಅಂಗಿಯ ಮೇಲೆ ಒಂದಿಷ್ಟು ಚೆಲ್ಲಿತು. ಒರೆಸಿಕೊಳ್ಳುವ ಗಡಿಬಿಡಿ ಮಾಡಲಿಲ್ಲ.

ಮುಂದಿನ ತಿಂಗಳು, ಅವರಿಗೆ ಗುಟ್ಟು ತಿಳಿದಿದೆಯೆಂದು ಗೊತ್ತಿದ್ದೂ, ಪಿನ್ನು ಸಡಿಲಿಸಿಟ್ಟು ಫೋನ್ ಮಾಡಿದೆ. ಅವರ ಹೆಂಡತಿ ಎತ್ತಿದರು. "ಓದ ಸೋಮ್ವಾರವೇ ಓಗ್ಬುಟ್ರು ಕಣವ್ವ. ಮಲಗ್ದೋರು ಏಳ್ಲೇ ಇಲ್ಲ," ಅಂದರು.

ಮೇಜಿನ ಕೆಳಗೆ ತೂರಿ ಪಿನ್ನನ್ನು ಒತ್ತಿ ಕೂರಿಸಿ ಮಷೀನು ಆನ್ ಮಾಡಿದೆ. ಬಾಣ ಬಂತು. ಅವತ್ತೊಂದು ದಿನ ಆ ಬಾಣ ಬರದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.